ಬಲಕ್ಕೆ ಎಳೆಯುವ ಬ್ರೇಕು

ಕೆಟ್ಟ ಗಾಡಿಗಳನ್ನು ಸರಿ ಮಾಡುತ್ತಲೇ ನನ್ನ ಆಯುಷ್ಯ ಕಳೆಯಿತು. ಒಂದು ಸಲ ಮಾತ್ರ ಸರಿಯಾಗಿದ್ದ ಗಾಡಿಯನ್ನು ಗೊತ್ತಿದ್ದೂ ಕೆಡಿಸಿದೆ. ಅದರಿಂದ ಒಬ್ಬ ಮನುಷ್ಯನ ಬದುಕು ಹಾಳಾಯಿತೆಂದು ಬಹಳ ಕಾಲ ನಂಬಿದ್ದೆ. ಆಮೇಲೆ ಆ ನಂಬಿಕೆಯೂ ನೆಟ್ಟಗೆ ನಿಲ್ಲಲಿಲ್ಲ. ತಪ್ಪು ಒಪ್ಪಿಕೊಂಡದ್ದೂ ಆಯಿತು. ಆದರೆ ಏನನ್ನು ಒಪ್ಪಿಕೊಂಡೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ.

ನನ್ನ ಶೆಡ್ಡು ತುಮಕೂರಿನಲ್ಲಿ, ಗುಬ್ಬಿ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ನಮ್ಮ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದ ಮಗ ಯಾವುದಾದರೂ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರಲಿ ಎಂದು ಅವರ ಆಸೆ. ನಾನು ಲಾರಿಗಳ ಕೆಳಗೆ ಮಲಗಿದೆ. ತೊಂಬತ್ತರ ದಶಕದ ನಡುವಿಗೆ ಬರುವ ಹೊತ್ತಿಗೆ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ತೋಟದವರೆಲ್ಲ ಜೀಪು, ಟ್ರಕ್ಕು, ಟ್ರಾಕ್ಟರ್ ಟ್ರೈಲರ್ ಏನೇ ಇರಲಿ, ಮುಂದಿನ ಚಕ್ರದ ಕೆಲಸ ಬಂದರೆ ನನ್ನ ಹತ್ತಿರವೇ ತರುತ್ತಿದ್ದರು. ಮುಂದಿನ ಆಕ್ಸಲ್, ಬ್ರೇಕು, ಸ್ಟೇರಿಂಗು, ಈ ಮೂರು ನನಗೆ ಕೈವಶವಾಗಿದ್ದವು. ಸಾಬರು ಮುಟ್ಟಿದರೆ ಗಾಡಿ ದಾರದ ಹಾಗೆ ನೆಟ್ಟಗೆ ಹೋಗುತ್ತದೆ ಎನ್ನುತ್ತಿದ್ದರು. ಆ ಮಾತು ಕೇಳುವುದಕ್ಕೆ ನನಗೂ ಇಷ್ಟವಿತ್ತು.

ಸಿ.ಎಸ್. ಪುರದ ಆಚೆ ಗುಡ್ಡದ ಇಳಿಜಾರಿನಲ್ಲಿ ತೆಂಗಿನ ತೋಟ ಇದ್ದ ಒಬ್ಬ ಯಜಮಾನರು ನಮ್ಮ ಗಿರಾಕಿ. ತೋಟಕ್ಕೆ ಹೋಗುವ ದಾರಿ ದಾರಿಯಲ್ಲ, ಮಳೆನೀರು ಕೊರೆದ ಕೊರಕಲು. ಎತ್ತಿನ ಗಾಡಿ ಹತ್ತುತ್ತಿತ್ತು, ಮಾಮೂಲಿ ಲಾರಿಗಳು ಹತ್ತುತ್ತಿರಲಿಲ್ಲ. ಹಾಗಾಗಿ ಅವರು ಮಿಲಿಟರಿ ಹರಾಜಿನಲ್ಲಿ ಒಂದು ಹಳೆಯ ಟ್ರಕ್ಕು ಹಿಡಿದಿದ್ದರು. ನಾಲ್ಕು ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುವಂಥದ್ದು, ಎಂಥ ಕೊರಕಲಿನಲ್ಲೂ ಎಮ್ಮೆಯ ಹಾಗೆ ಹತ್ತುವಂಥದ್ದು. ಹತ್ತುವುದೇನೋ ಹತ್ತುತ್ತಿತ್ತು. ಇಳಿಯುವಾಗ ಕಷ್ಟ. ಅದರ ಮುಂಭಾಗ ಪೂರ್ತಿ ಸವೆದುಹೋಗಿತ್ತು. ಸ್ಟೇರಿಂಗನ್ನು ಕಾಲು ಸುತ್ತು ತಿರುಗಿಸಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು. ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತಿತ್ತು.

ಅದನ್ನು ಓಡಿಸುತ್ತಿದ್ದವರು ಒಬ್ಬರೇ. ಐವತ್ತು ದಾಟಿದ್ದ, ತೆಳ್ಳಗೆ ಎತ್ತರಕ್ಕಿದ್ದ, ಹೆಗಲ ಮೇಲೆ ಸದಾ ಟವಲ್ ಹಾಕಿಕೊಂಡಿರುತ್ತಿದ್ದ ಮನುಷ್ಯ. ಎಲ್ಲರೂ ಅವರನ್ನು ಡ್ರೈವರಣ್ಣ ಎನ್ನುತ್ತಿದ್ದರು. ಯಜಮಾನರ ತಂದೆಯ ಕಾಲದಿಂದ ಆ ಮನೆಯಲ್ಲಿದ್ದವರು. ಯಜಮಾನರಿಗೆ ಒಬ್ಬ ತಮ್ಮ ಇದ್ದ, ಇಪ್ಪತ್ತೈದರ ಆಸುಪಾಸು. ಡ್ರೈವರಣ್ಣನ ಪಕ್ಕದ ಸೀಟು ಅವನದು. ಅವನಿಗೆ ತೋಟ ಬೇಕಿರಲಿಲ್ಲ, ಕಾಯಿಯ ವ್ಯಾಪಾರವೂ ಬೇಕಿರಲಿಲ್ಲ. ಆ ಟ್ರಕ್ಕಿನ ಸ್ಟೇರಿಂಗು ಬೇಕಿತ್ತು. ಡ್ರೈವರಣ್ಣನಿಗೆ ಮಂಡಿನೋವು ಶುರುವಾಗಿತ್ತು, ಇನ್ನೊಂದೆರಡು ವರ್ಷದಲ್ಲಿ ಕೆಲಸ ಬಿಡುತ್ತಾರೆ, ಆಮೇಲೆ ಗಾಡಿ ತನಗೇ ಎಂದು ಅವನು ಕಾಯುತ್ತಿದ್ದ. ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿದ್ದ.

ಒಂದು ಬೇಸಿಗೆಯಲ್ಲಿ ಯಜಮಾನರು ಬಂದು, "ಮುಂದ್ಗಡೆದು ಪೂರ್ತಿ ಬದ್ಲಾಯಿಸ್ಬುಡಿ ಸಾಬ್ರೇ, ದಿನಾ ಭಯ ಬಿದ್ಕಂಡು ಎಷ್ಟಂತ ಓಡಿಸೋದು" ಎಂದರು.

ಅಷ್ಟು ದೊಡ್ಡ ಕೆಲಸವನ್ನು ನಾನು ಅದುವರೆಗೆ ಮಾಡಿರಲಿಲ್ಲ. ಬೆಂಗಳೂರಿನ ಗುಜರಿಯಲ್ಲಿ ಅದೇ ಜಾತಿಯ ಹೊಸ ಮಾದರಿಯ ಟ್ರಕ್ಕಿನ ಮುಂದಿನ ಆಕ್ಸಲ್ ಸಿಕ್ಕಿತು. ಹಳೆಯದಕ್ಕಿಂತ ದಪ್ಪ, ಬ್ರೇಕ್ ಡ್ರಮ್ಮುಗಳೂ ದೊಡ್ಡವು. ಆದರೆ ಅಗಲ ಬೇರೆ. ಸ್ಪ್ರಿಂಗ್ ಪಟ್ಟಿ ಕೂರುವ ಜಾಗಗಳು ಹೊಂದುತ್ತಿರಲಿಲ್ಲ. ಹಿರೇಹಳ್ಳಿಯ ಒಂದು ಲೇತ್ ಶಾಪಿನಲ್ಲಿ ಅವನ್ನು ಕತ್ತರಿಸಿ, ಹೊಸ ಜಾಗದಲ್ಲಿಟ್ಟು ವೆಲ್ಡಿಂಗ್ ಮಾಡಿಸಿದೆ. ಬ್ರೇಕಿಗೆ ಬೂಸ್ಟರ್ ಕೂರಿಸಿದೆ, ಕಾಲಿನ ಒತ್ತಡವನ್ನು ಹೆಚ್ಚು ಮಾಡಿ ಕೊಡುವ ಡಬ್ಬಿ ಅದು. ಕೊನೆಗೆ ಪವರ್ ಸ್ಟೇರಿಂಗು. ಆಗ ನಮ್ಮ ಕಡೆ ತೋಟದ ಗಾಡಿಗಳಲ್ಲಿ ಅದನ್ನು ನೋಡಿದವರೇ ಕಡಿಮೆ. ಎಂಜಿನ್ನಿನ ಪಕ್ಕ ಅದರ ಪಂಪು ಕೂರಿಸಲು ಜಾಗವಿಲ್ಲದೆ ನಾಲ್ಕು ಸಲ ಬ್ರಾಕೆಟ್ ಮಾಡಿ ಬಿಸಾಕಿದೆ.

ಆ ದಿನಗಳಲ್ಲಿ ಯಜಮಾನರ ತಮ್ಮ ಏನೋ ನೆಪ ಮಾಡಿಕೊಂಡು ಆಗಾಗ ಶೆಡ್ಡಿಗೆ ಬರುತ್ತಿದ್ದ. ಸೀಟಿನ ಮೇಲೆ ಕೂತು ಸ್ಟೇರಿಂಗನ್ನು ಒಂದು ಬೆರಳಲ್ಲಿ ತಿರುಗಿಸಿ ನಗುತ್ತಿದ್ದ. "ಏನ್ ಸಾಬ್ರೇ, ಬೆಣ್ಣೆ ಮಾಡ್ಬುಟ್ರಿ. ಡ್ರೈವರಣ್ಣ ರಟ್ಟೆ ತೋರಿಸ್ಕಂಡು ಮೆರೀತಿದ್ರು, ಇನ್ಮೇಲೆ ಏನ್ ತೋರಿಸ್ತಾರೆ?"

ಕೆಲಸ ಮುಗಿದ ಮೇಲೆ ನಾನೇ ಊರ್ಡಿಗೆರೆ ರಸ್ತೆಗೆ ತೆಗೆದುಕೊಂಡು ಹೋದೆ. ಅಲ್ಲಿ ಏರಿಳಿತ ಚೆನ್ನಾಗಿದೆ. ಇಳಿಜಾರಿನಲ್ಲಿ ವೇಗ ಹಿಡಿಸಿ, ಸ್ಟೇರಿಂಗಿನಿಂದ ಎರಡೂ ಕೈ ಎತ್ತಿ ಬ್ರೇಕ್ ಒತ್ತಿದೆ. ಗಾಡಿ ಗೆರೆ ಎಳೆದ ಹಾಗೆ ನಿಂತಿತು. ಇನ್ನೊಂದು ಸಲ ಮಾಡಿದೆ. ಹಾಗೇ ನಿಂತಿತು. ರಸ್ತೆ ಬದಿ ನಿಲ್ಲಿಸಿ, ಇಳಿದು, ಅದರ ಸುತ್ತ ಒಂದು ಸುತ್ತು ಬಂದೆ. ನೋಡಲು ಯಾರೂ ಇರಲಿಲ್ಲ, ಅದೊಂದೇ ಬೇಜಾರು.

ಆದರೆ ನಮ್ಮ ಕಸುಬಿನಲ್ಲಿ ಮೆಕ್ಯಾನಿಕ್ಕಿನ ಟ್ರಯಲ್ಲಿಗೆ ಬೆಲೆ ಇಲ್ಲ. ಗಾಡಿ ಸರಿಯಾಯಿತು ಎಂದು ಹೇಳಬೇಕಾದವನು ಅದನ್ನು ಓಡಿಸುವವನು. ಮಾಲೀಕನೂ ಅಲ್ಲ. ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಡ್ರೈವರು ಹತ್ತಿ ಕೂರುತ್ತಾನೆ, ಮೆಕ್ಯಾನಿಕ್ಕು ಪಕ್ಕದಲ್ಲಿ ಕೂರುತ್ತಾನೆ. ವಾಪಸ್ಸು ಬಂದಾಗ ಡ್ರೈವರು "ಕೈಗೆ ಕೂತಿದೆ" ಎಂದರೆ ಕೆಲಸ ಮುಗಿಯಿತು. "ಇಲ್ಲ" ಎಂದರೆ ಮತ್ತೆ ಜಾಕ್ ಹಾಕಬೇಕು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ಎಲ್ಲ ಶೆಡ್ಡಿನಲ್ಲೂ ಇದೇ ನಡೆಯುತ್ತಿತ್ತು.

ಡ್ರೈವರಣ್ಣ ನಿಂಬೆಹಣ್ಣಿನ ಮೇಲೆ ಹಾಯಿಸಿಕೊಂಡು ಹೊರಟರು. ಗುಬ್ಬಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬ್ರೇಕ್ ಒತ್ತಿದರು. ಗಾಡಿ ಎಡಕ್ಕೆ ಜಾರಿ ರಸ್ತೆ ಬಿಟ್ಟು ಮಣ್ಣಿಗೆ ಇಳಿಯಿತು.

"ಎಡಕ್ಕೆ ಎಳೀತದೆ" ಎಂದರು.

"ಇನ್ನೊಂದ್ಸಲ ಒತ್ತಿ" ಎಂದೆ.

ಮತ್ತೆ ಒತ್ತಿದರು. ಮತ್ತೆ ಎಡಕ್ಕೆ. ಈ ಸಲ ನಾನು ರಸ್ತೆ ನೋಡಲಿಲ್ಲ, ಅವರ ಕೈ ನೋಡಿದೆ. ಕಾಲು ಬ್ರೇಕಿನ ಮೇಲೆ ಇಳಿಯುವುದಕ್ಕೆ ಸರಿಯಾಗಿ ಅವರ ಎರಡೂ ಕೈ ಸ್ಟೇರಿಂಗನ್ನು ಎಡಕ್ಕೆ ಜಗ್ಗುತ್ತಿದ್ದವು. ಹಳೆಯ ಗಾಡಿ ಬಲಕ್ಕೆ ಎಳೆಯುತ್ತಿತ್ತಲ್ಲ, ಅದನ್ನು ತಡೆಯಲು ವರ್ಷಗಟ್ಟಲೆ ಎಡಕ್ಕೆ ಜಗ್ಗಿ ಜಗ್ಗಿ ಅಭ್ಯಾಸವಾಗಿತ್ತು. ತಾವು ಹಾಗೆ ಮಾಡುತ್ತಿದ್ದೇವೆ ಎಂಬ ಗಮನವೇ ಅವರಿಗೆ ಇದ್ದ ಹಾಗೆ ಕಾಣಲಿಲ್ಲ. ಮೊದಲಾದರೆ ಸ್ಟೇರಿಂಗು ಕಲ್ಲಿನ ಹಾಗಿತ್ತು, ಅಷ್ಟು ಜಗ್ಗಿದರೂ ಸ್ವಲ್ಪ ತಿರುಗುತ್ತಿತ್ತು. ಈಗ ಪವರ್ ಸ್ಟೇರಿಂಗು, ಮುಟ್ಟಿದರೆ ತಿರುಗುತ್ತದೆ.

ನಾನು ಮೆತ್ತಗೆ ಹೇಳಿದೆ. "ಡ್ರೈವರಣ್ಣ, ಗಾಡಿ ಎಳೀತಾ ಇಲ್ಲ. ನಿಮ್ ಕೈ ಎಳೀತಾ ಇದೆ."

ಅವರು ಗಾಡಿ ನಿಲ್ಲಿಸಿದರು. ಟವಲ್ ತೆಗೆದು ಮುಖ ಒರೆಸಿಕೊಂಡರು. "ಏನ್ ಸಾಬ್ರೇ, ಈ ಗಾಡಿ ನಿಮ್ ಶೆಡ್ಡಿಗೆ ಬರಕ್ ಮುಂಚೆಯಿಂದ ನನ್ ಕೈಯಾಗೈತೆ. ಈಗ ಬಂದು ನನ್ ಕೈನೇ ರಿಪೇರಿಗೆ ಬುಡು ಅಂತೀರಾ?"

"ಹಂಗಲ್ಲ..."

"ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಕುಣಿಗಲ್ಲಾಗೆ ಇನ್ನೊಬ್ಬವ್ನೆ, ಅವ್ನತ್ರ ತೋರಿಸ್ತೀನಿ."

ಶೆಡ್ಡಿಗೆ ಬಂದ ಮೇಲೂ ಮಾತು ನಿಲ್ಲಲಿಲ್ಲ. ಯಜಮಾನರು ಇಬ್ಬರ ಮುಖವನ್ನೂ ನೋಡಿ, "ಓಡ್ಸೋರು ಅವ್ರಲ್ವಾ ಸಾಬ್ರೇ, ಅವ್ರ್ ಹೇಳ್ದಂಗೆ ಮಾಡ್ಬುಡಿ" ಎಂದು ಹೊರಟುಹೋದರು. ನಾನು ಓಡಿಸಿ ತೋರಿಸಬಹುದಿತ್ತು. ಕೈ ಬಿಟ್ಟು ಬ್ರೇಕ್ ಒತ್ತಿ, ಯಜಮಾನರ ಎದುರಿಗೇ ಡ್ರೈವರಣ್ಣನ ಮುಖ ಇಳಿಸಬಹುದಿತ್ತು. ಅದಕ್ಕೆ ಮನಸ್ಸು ಬರಲಿಲ್ಲ. ವಾರ ಬಿಟ್ಟು ಬನ್ನಿ, ನಾಲ್ಕು ದಿನ ಖಾಲಿ ಗಾಡಿ ಓಡಿಸಿ, ಕೈ ತಾನೇ ಸರಿಹೋಗುತ್ತದೆ ಎಂದು ಒಂದು ಮಾತು ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿಕೊಂಡರೆ ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಕುಣಿಗಲ್ಲಿನವನ ಹೆಸರು ತೆಗೆದದ್ದಕ್ಕೆ ಸಿಟ್ಟು ಬಂದಿತ್ತು. ದಣಿವೂ ಆಗಿತ್ತು. ಡ್ರೈವರಣ್ಣನ ಮೇಲೆ ಮರುಕವೂ ಇತ್ತು ಎಂದುಕೊಳ್ಳಲು ನೋಡುತ್ತೇನೆ, ಪೂರ್ತಿ ನಂಬಿಕೆ ಬರುವುದಿಲ್ಲ.

ಮುಂದಿನ ಎರಡು ಚಕ್ರಗಳ ಬ್ರೇಕೂ ಒಂದೇ ಸಮ ಹಿಡಿಯಬೇಕು. ಡ್ರಮ್ಮಿನ ಒಳಗೆ ಉಜ್ಜಿ ಹಿಡಿಯುವ ಲೈನರ್ ಎಷ್ಟು ಹತ್ತಿರ ನಿಲ್ಲಬೇಕು ಎನ್ನುವುದನ್ನು ಹಿಂದಿನಿಂದ ಒಂದು ಅಡ್ಜಸ್ಟರ್ ತಿರುಗಿಸಿ ಕೂರಿಸುತ್ತೇವೆ. ನಾನು ಗಾಡಿಯ ಕೆಳಗೆ ನುಸುಳಿ, ಎಡಚಕ್ರದ ಅಡ್ಜಸ್ಟರನ್ನು ಸಡಿಲ ಮಾಡಿದೆ. ಈಗ ಬಲಗಡೆ ಮೊದಲು ಹಿಡಿಯುತ್ತದೆ, ಗಾಡಿ ಬಲಕ್ಕೆ ಎಳೆಯುತ್ತದೆ. ಹಳೆಯ ರೋಗವನ್ನು ಹೊಸ ಆಕ್ಸಲ್ಲಿಗೆ ತಂದು ಹಾಕಿದೆ. ಡ್ರೈವರಣ್ಣನ ಕೈ ಎಡಕ್ಕೆ ಜಗ್ಗಿದರೆ ಅಲ್ಲಿಗಲ್ಲಿಗೆ ಸರಿಯಾಗುತ್ತದೆ.

ಅವರು ಮತ್ತೆ ಒಂದು ಸುತ್ತು ಹೋಗಿ ಬಂದರು. ಮುಖ ಅರಳಿತ್ತು. "ನೋಡಿ, ಈಗ ಕೈಗೆ ಕೂತ್ಕಂತು. ಮೊದ್ಲೇ ಮಾಡಿದ್ರೆ ಏನಾಗ್ತಿತ್ತು ನಿಮ್ಗೆ?" ಎಂದು ನನ್ನ ಹೆಗಲು ತಟ್ಟಿದರು.

ಆ ಸಂಜೆ ಟೀ ಅಂಗಡಿಯಲ್ಲಿ ಇದನ್ನೇ ತಮಾಷೆ ಮಾಡಿ ಹೇಳಿದೆ. ಮನುಷ್ಯನ ಕೈ ಬಿಚ್ಚಲಾಗಲಿಲ್ಲ, ಅದಕ್ಕೆ ಗಾಡಿಯನ್ನೇ ಕೆಡಿಸಿದೆ ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಡ್ರೈವರಣ್ಣ ಬಿಟ್ಟು ಬೇರೆ ಯಾರಾದರೂ ಆ ಸೀಟಿನ ಮೇಲೆ ಕೂತರೆ ಏನು ಗತಿ ಎನ್ನುವುದು ಆಗ ನನಗೆ ಹೊಳೆಯಲೇ ಇಲ್ಲ. ಬೆರಳಲ್ಲಿ ಸ್ಟೇರಿಂಗು ತಿರುಗಿಸಿ ನಗುತ್ತಿದ್ದ ಹುಡುಗ ಕಣ್ಣೆದುರಿಗೇ ಇದ್ದ, ಆದರೂ ಹೊಳೆಯಲಿಲ್ಲ.

ಎರಡು ವರ್ಷವೋ ಸ್ವಲ್ಪ ಹೆಚ್ಚೋ ಆಗಿರಬೇಕು. ಡ್ರೈವರಣ್ಣ ಕುಣಿಗಲ್ ಕಡೆ ನೆಂಟರ ಮದುವೆಗೆ ಹೋಗಿದ್ದರಂತೆ. ಕಾಯಿ ಕಿತ್ತು ರಾಶಿ ಬಿದ್ದಿತ್ತು. ಯಜಮಾನರ ತಮ್ಮ, ನಾನು ಇಳಿಸುತ್ತೇನೆ ಎಂದನಂತೆ, ಅಣ್ಣ ಒಪ್ಪಿದರಂತೆ. ಲೋಡು ತುಂಬಿಕೊಂಡು ಇಳಿಯುವಾಗ ತಿರುವಿನಲ್ಲಿ ಟ್ರಕ್ಕು ದಾರಿ ಬಿಟ್ಟು ಉರುಳಿತು. ಗಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅಣ್ಣ ಎಲ್ಲರ ಎದುರಿಗೆ, "ಇನ್ಮೇಲೆ ಈ ಮನೆ ಗಾಡಿ ನೀನ್ ಮುಟ್ಟಂಗಿಲ್ಲ" ಎಂದರಂತೆ. ಟ್ರಕ್ಕು ನನ್ನ ಶೆಡ್ಡಿಗೆ ಬರಲಿಲ್ಲ. ಅಲ್ಲಿಂದಲೇ ಗುಜರಿಗೆ ಹೋಯಿತು.

ಇದನ್ನೆಲ್ಲ ನನಗೆ ಹೇಳಿದವರು ಡ್ರೈವರಣ್ಣ. ಬೇರೆ ಕೆಲಸಕ್ಕೆ ತುಮಕೂರಿಗೆ ಬಂದವರು ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದರು. "ಅಂಥ ಗಾಡಿ ಕಣ್ರೀ. ಬ್ರೇಕು ಅಂದ್ರೆ ಬ್ರೇಕು. ಚಿಕ್ಕೋನು ಕೈಯಾರೆ ಹಾಳ್ಮಾಡ್ದ" ಎಂದರು. ನಾನು ಟೀ ಕುಡಿಯುತ್ತೀರಾ ಎಂದು ಕೇಳಿದೆ. ಗಾಡಿ ಬಲಕ್ಕೆ ಎಳೆಯುತ್ತಿತ್ತು ಎನ್ನುವುದು ಅವರಿಗೂ ಗೊತ್ತಿಲ್ಲ, ಆ ಹುಡುಗನಿಗೂ ಗೊತ್ತಿಲ್ಲ, ನನಗೊಬ್ಬನಿಗೇ ಗೊತ್ತು ಎಂದು ಅವತ್ತು ಅರ್ಥವಾಯಿತು. ಟೀ ಅಂಗಡಿಯಲ್ಲಿ ನಕ್ಕವರು ಮರೆತೇ ಬಿಟ್ಟಿದ್ದರು.

ಆಮೇಲೆ ಆ ಮನೆಯವರು ನನ್ನ ಹತ್ತಿರ ಬರುವುದು ನಿಂತಿತು. ಕೋಪದಿಂದಲ್ಲ, ಆ ಗಾಡಿಯೇ ಇರಲಿಲ್ಲ. ನಾನೂ ವಿಚಾರಿಸಲಿಲ್ಲ. ಡ್ರೈವರಣ್ಣ ತೀರಿಕೊಂಡದ್ದು ಬಹಳ ತಡವಾಗಿ ಗೊತ್ತಾಯಿತು. ಯಜಮಾನರ ತಮ್ಮ ಊರು ಬಿಟ್ಟು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಗೇಟು ಕಾಯುತ್ತಾನೆ ಎಂದೂ ಯಾರೋ ಹೇಳಿದರು. ಹಿರೇಹಳ್ಳಿಗೆ ನಾನು ಎಷ್ಟೋ ಸಲ ಹೋಗುತ್ತಿದ್ದೆ. ಆ ಗೇಟಿನ ಕಡೆ ಹೋಗುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಹಲವು ವರ್ಷಕ್ಕೆ, ಕಣ್ಣು ಮಂಜಾಗಿ ಶೆಡ್ಡು ಕೊಟ್ಟುಬಿಟ್ಟ ಮೇಲೆ, ನನಗೂ ನನ್ನ ಹೆಂಡತಿಗೂ ಹಜ್ಜಿಗೆ ಹೋಗುವ ಅವಕಾಶ ಬಂತು. ನಮ್ಮಲ್ಲಿ ಹಜ್ಜಿಗೆ ಹೊರಡುವ ಮುಂಚೆ ಗೊತ್ತಿರುವವರ ಮನೆಗಳಿಗೆಲ್ಲ ಹೋಗಿ ಮಾಫಿ ಕೇಳುವ ಪದ್ಧತಿ ಇದೆ. ಹೇಳಿದ್ದು ಕೇಳಿದ್ದು ಏನಾದರೂ ಇದ್ದರೆ ಮಾಫ್ ಮಾಡಿ ಎನ್ನುತ್ತೇವೆ. ಅವರು ಮಾಫ್ ಮಾಫ್, ನಮಗೂ ದುವಾ ಮಾಡಿ ಎನ್ನುತ್ತಾರೆ. ಶರಬತ್ತು ಕೊಡುತ್ತಾರೆ. ಹಾಗೆ ಎಷ್ಟೋ ಮನೆ ತಿರುಗಿದೆವು. ಹಿಂದೂ ಗಿರಾಕಿಗಳ ಅಂಗಡಿಗಳಿಗೂ ಹೋದೆ. ಎಲ್ಲರೂ ನಗುತ್ತ ಮಾಫ್ ಮಾಡಿದರು. ಯಾರಿಗೂ ನಾನು ಏನೂ ಮಾಡಿರಲಿಲ್ಲ. ಯಾರಿಗೆ ಮಾಡಿದ್ದೆನೋ ಅವನ ಹತ್ತಿರ ಹೋಗಿರಲಿಲ್ಲ.

ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್ತರಿಗೆ ಹೆಸರು ಹೇಳದೆ ವಿಷಯ ಹೇಳಿದೆ. ಅಲ್ಲಾಹನಿಗೆ ಮಾಡಿದ ತಪ್ಪನ್ನು ಅಲ್ಲಾಹ ಮಾಫ್ ಮಾಡಬಹುದು, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಮಾಡಬೇಕು, ಅವನು ಬದುಕಿದ್ದರೆ ಹೋಗಿ ಎಂದರು.

ಮಧ್ಯಾಹ್ನ ಊಟದ ಹೊತ್ತಿಗೆ ಆ ಗೇಟಿಗೆ ಹೋದೆ. ಗುರುತು ಸಿಗಲು ಸ್ವಲ್ಪ ಹೊತ್ತಾಯಿತು. ದಪ್ಪಗಾಗಿದ್ದ. ಖಾಕಿ ಷರಟು. ಎದ್ದು ಬರುವಾಗ ಒಂದು ಕಾಲು ಸ್ವಲ್ಪ ಹಿಂದೆ ಉಳಿಯುತ್ತಿತ್ತು. "ಓ, ಸಾಬ್ರು" ಎಂದು ಕುರ್ಚಿ ಬಿಟ್ಟುಕೊಟ್ಟ. ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಮುಚ್ಚಳಕ್ಕೆ ಹಾಕಿ ಕೊಟ್ಟ. ನಾನು ತಿನ್ನದೆ ಎಲ್ಲವನ್ನೂ ಹೇಳಿದೆ. ಎಡ ಅಡ್ಜಸ್ಟರ್ ಸಡಿಲ ಮಾಡಿದ್ದು, ಗಾಡಿ ಬಲಕ್ಕೆ ಎಳೆಯುವಂತೆ ಮಾಡಿದ್ದು, ಟೀ ಅಂಗಡಿಯಲ್ಲಿ ನಕ್ಕಿದ್ದು. ನಿನ್ನ ಕಾಲು ನನ್ನಿಂದ ಹೋಯಿತು, ಗಾಡಿ ನನ್ನಿಂದ ಹೋಯಿತು ಎಂದೆ.

ಅವನು ತಿನ್ನುವುದನ್ನು ನಿಲ್ಲಿಸಿರಲಿಲ್ಲ. ಒಂದು ತುತ್ತು ಮುಗಿಸಿ ಕೇಳಿದ. "ಬಲಕ್ಕಾ?"

"ಹೂಂ."

"ಗಾಡಿ ಬಿದ್ದಿದ್ದು ಎಡಕ್ಕಲ್ವಾ ಸಾಬ್ರೇ."

ಇಷ್ಟು ವರ್ಷದಲ್ಲಿ ಯಾವ ಕಡೆಗೆ ಬಿತ್ತು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಕಂಡಿರಲಿಲ್ಲ. ನನ್ನ ಕಣ್ಣಿನಲ್ಲಿ ಅದು ಪ್ರತಿಸಲವೂ ಬಲಕ್ಕೇ ಬೀಳುತ್ತಿತ್ತು.

"ಎಡಕ್ಕೆ ಹೆಂಗೆ?" ಎಂದೆ.

"ಹೆಂಗೆ ಅಂದ್ರೆ? ಬ್ರೇಕ್ ಒತ್ದೆ, ಡ್ರೈವರಣ್ಣ ಕಲ್ಸಿದಂಗೆ ಸ್ಟೇರಿಂಗ್ ಎಡಕ್ಕೆ ಹಿಡ್ದೆ, ಎಡಕ್ಕೇ ಹೋಯ್ತು."

"ಡ್ರೈವರಣ್ಣ ಹಂಗ್ ಕಲ್ಸಿದ್ರಾ?"

"ಹೂಂ. ಇಳಿಜಾರಲ್ಲಿ ಬ್ರೇಕ್ ಒತ್ತುವಾಗ ಎಡಕ್ಕೆ ಹಿಡೀಬೇಕು, ಎಲ್ಲಾ ಗಾಡಿಗೂ ಅದೇ ಲೆಕ್ಕ ಅಂತಿದ್ರು. ಪಕ್ದಲ್ಲಿ ಕೂತು ಅವ್ರ್ ಕೈ ನೋಡ್ಕಂಡೇ ಕಲ್ತಿದ್ದು."

ಬಿಸಿಲಿನಲ್ಲಿ ಕೂತು ಲೆಕ್ಕ ಹಾಕಿದೆ. ಬಲಗಡೆ ಲೈನರ್ ಮೊದಲು ಹಿಡಿದರೆ ಅದೇ ಹೆಚ್ಚು ಸವೆಯುತ್ತದೆ. ಸವೆದಂತೆ ಸವೆದಂತೆ ಅದರ ಹಿಡಿತ ಎಡಗಡೆಯ ಸಮಕ್ಕೆ ಇಳಿಯುತ್ತದೆ. ಎರಡು ವರ್ಷ ಲೋಡು ಹೊತ್ತು ಗುಡ್ಡ ಇಳಿದ ಗಾಡಿ ಅದು. ನಾನು ಮಾಡಿದ ತಪ್ಪು ತಾನಾಗಿಯೇ ಸರಿಹೋಗಿ, ಗಾಡಿ ನೆಟ್ಟಗಾಗಿರಬೇಕು. ನಿಧಾನಕ್ಕೆ ಆದದ್ದರಿಂದ ಡ್ರೈವರಣ್ಣನ ಕೈಯೂ ಅವರಿಗೇ ತಿಳಿಯದ ಹಾಗೆ ನೆಟ್ಟಗಾಗಿರಬೇಕು. ಬಾಯಲ್ಲಿ ಕಲಿಸಿದ್ದು ಮಾತ್ರ ಹಳೆಯದೇ ಉಳಿಯಿತು. ಹಾಗಿದ್ದರೆ ನೆಟ್ಟಗಿದ್ದ ಗಾಡಿಯನ್ನು ಈ ಹುಡುಗ ಎಡಕ್ಕೆ ಹಿಡಿದ. ಇದರಲ್ಲಿ ನನ್ನ ಪಾಲು ಎಷ್ಟು? ಅವತ್ತು ನಾನು ಸುಮ್ಮನಿದ್ದಿದ್ದರೆ ಡ್ರೈವರಣ್ಣನ ಕೈ ಆಗಲೇ ತಿದ್ದಿಕೊಳ್ಳುತ್ತಿತ್ತು, ಎಡಕ್ಕೆ ಹಿಡಿ ಎಂದು ಕಲಿಸುತ್ತಲೇ ಇರಲಿಲ್ಲ. ಅಥವಾ ಕಲಿಸಿದ್ದು ಹಳೆಯ ಆಕ್ಸಲ್ಲಿನ ಕಾಲದಲ್ಲೋ? ಸಣ್ಣಪುಟ್ಟ ಕೆಲಸಕ್ಕೆ ಅವರು ಊರಿನಲ್ಲೇ ಯಾರಿಗೋ ತೋರಿಸುತ್ತಿದ್ದರು, ಅವನು ಬ್ರೇಕು ಸಮ ಮಾಡಿದ್ದನೋ? ಅಥವಾ ಏನೂ ಇಲ್ಲ, ಹೊಸ ಕೈ, ಹೆಚ್ಚಿನ ಲೋಡು, ವೇಗ?

ಇದನ್ನೆಲ್ಲ ಅವನಿಗೆ ಹೇಳಿದೆ. ಡಬ್ಬಿ ತೊಳೆದು ಬಂದು ಕೇಳಿಸಿಕೊಂಡ. "ಹಂಗಾದ್ರೆ ನಿಮ್ದು ತಪ್ಪೋ ಅಲ್ವೋ?"

"ಗೊತ್ತಾಗ್ತಾ ಇಲ್ಲ ಕಣಪ್ಪ. ಇದ್ರೂ ಇರಬಹುದು. ನೀನು ಮಾಫ್ ಮಾಡಿದೆ ಅಂತ ಒಂದು ಮಾತು ಹೇಳು."

ಅವನು ಗೇಟಿನ ಕಡೆ ನೋಡುತ್ತ ನಿಂತ. ಒಂದು ಲಾರಿ ಬಂತು. ಸರಪಳಿ ಇಳಿಸಿ ಒಳಗೆ ಬಿಟ್ಟು ಬಂದ. "ಮಾಫ್ ಆಮೇಲೆ ಮಾಡ್ತೀನಿ. ಮೊದ್ಲು ನಮ್ಮಣ್ಣನ ಹತ್ರ ಬಂದು ಇದೇ ಮಾತು ಹೇಳಿ. ಊರಿಗೆ ಹೋದ್ರೆ ಈಗ್ಲೂ ನನ್ನ 'ಗಾಡಿ ಕೆಡವ್ದೋನು' ಅಂತಾರೆ. ನಮ್ಮನೇಲಿ ಪಿಕಪ್ ಐತೆ, ಹಿಂದ್ಗಡೆ ಕೂರುಸ್ತಾರೆ ನನ್ನ. ಪಕ್ದ ಸೀಟೂ ಇಲ್ಲ."

"ನನ್ನದೇ ತಪ್ಪು ಅಂತ ಹೆಂಗ್ ಹೇಳ್ಲಪ್ಪ? ಎಡಕ್ಕೆ ಬಿದ್ದಿದೆಯಲ್ಲ."

"ನಿಮ್ಗೆ ಈಗ ಅನುಮಾನ ಬಂತು. ನಾನು ಇಷ್ಟ್ ವರ್ಷ ಅನುಮಾನ ಪಡದೆ ಪೂರ್ತಿ ನಂದೇ ಅಂತ ಒಪ್ಕಂಡಿದೀನಲ್ಲ. ನೀವೂ ಸ್ವಲ್ಪ ದಿನ ಒಪ್ಕಂಡು ನೋಡಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಾಮಾನು ಹೊತ್ತು ದಣಿದವನು ಸ್ವಲ್ಪ ಹಿಡಿದುಕೊಳ್ಳಿ ಎಂದು ಕೇಳುವ ಹಾಗಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಗೊತ್ತಿಲ್ಲದ್ದನ್ನು ನಾನೇ ಮಾಡಿದೆ ಎಂದರೆ ಸುಳ್ಳಾಗುವುದಿಲ್ಲವೇ, ಹಜ್ಜಿಗೆ ಹೊರಟವನು ಸುಳ್ಳು ಹೇಳಬಹುದೇ ಎಂದು ಕೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. "ಅಡ್ಜಸ್ಟರ್ ಸಡಿಲ ಮಾಡಿದ್ದು ನೀವೇ ತಾನೇ? ಅದನ್ನ ಹೇಳಿ. ಮಿಕ್ಕಿದ್ದು ಕೇಳೋರು ಏನ್ ಬೇಕಾದ್ರೂ ತಿಳ್ಕೊಳ್ಲಿ. ಇಷ್ಟು ವರ್ಷ ಹೇಳದೆ ಇದ್ದಾಗ ಸುಳ್ಳಿನ ಚಿಂತೆ ಬರ್ಲಿಲ್ವಲ್ಲ ನಿಮಗೆ" ಎಂದಳು.

ಭಾನುವಾರ ಗುಬ್ಬಿಯಲ್ಲಿ ಬಸ್ಸಿಳಿದಾಗ, ನಾನು ಹೇಳಿ ಕಳಿಸಿದ್ದಂತೆ, ಯಜಮಾನರ ತಮ್ಮ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಷರಟು ಹಾಕಿದ್ದ. ಇನ್ನೊಂದು ಬಸ್ಸು ಹಿಡಿದು, ಆಮೇಲೆ ನಡೆದು ತೋಟ ಸೇರಿದೆವು. ಯಜಮಾನರು ಕೊಬ್ಬರಿ ಅಟ್ಟದ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ತಲೆ ಪೂರ್ತಿ ನೆರೆತಿತ್ತು. ನನ್ನನ್ನು ನೋಡಿ ಸಂತೋಷಪಟ್ಟರು. ಎಳನೀರು ಕೊಚ್ಚಿಸಿದರು. ತಮ್ಮನನ್ನು ನೋಡಿ, "ನೀನ್ಯಾಕ್ ಬಂದೆ, ರಜಾನಾ" ಎಂದಷ್ಟೇ ಕೇಳಿದರು. ಅವನು ಅಟ್ಟದ ಕಂಬಕ್ಕೆ ಒರಗಿ ನಿಂತ.

ನಾನು ಹೇಳಿದೆ. ಕೇಳುತ್ತ ಕೇಳುತ್ತ ಯಜಮಾನರ ಹುಬ್ಬು ಗಂಟಾಯಿತು.

"ಅಂದ್ರೆ ಡ್ರೈವರಣ್ಣಂದೇ ತಪ್ಪಾಯ್ತಲ್ಲ" ಎಂದರು. "ಅವ್ರ್ ಕೈ ಸರಿಯಿಲ್ದೆ ನಿಮ್ ಕೈಲಿ ಕೆಡಿಸಿದ್ರು. ಸತ್ತೋದ್ರು, ಏನ್ ಹೇಳೋದು."

ನನಗೆ ಗಾಬರಿಯಾಯಿತು. ಒಬ್ಬನ ತಲೆಯಿಂದ ಇಳಿಸಲು ಬಂದದ್ದು, ಇನ್ನೊಬ್ಬರ ತಲೆಯ ಮೇಲೆ, ಅದೂ ಎದ್ದು ಬಂದು ಮಾತಾಡಲಾಗದವರ ಮೇಲೆ ಕೂರುತ್ತಿತ್ತು. "ಅವ್ರಿಗೆ ಗೊತ್ತೇ ಇರ್ಲಿಲ್ಲ. ನಾನ್ ಹೇಳ್ಲಿಲ್ಲ. ಗೊತ್ತಿದ್ದೋನು ನಾನೊಬ್ನೇ" ಎಂದೆ.

"ನೀವ್ ಮಾಡಿದ್ದು ಬಲಕ್ಕೆ ಅಂತೀರಿ. ಬಿದ್ದಿದ್ದು ಎಡಕ್ಕೆ. ನಾನೇ ನೋಡಿದೀನಿ, ಎತ್ತಿಸ್ದೋನು ನಾನೇ."

ಈ ಮಾತು ಬರುತ್ತದೆಂದು ಗೊತ್ತಿತ್ತು. ನೆಲದ ಮೇಲೆ ಕಡ್ಡಿಯಿಂದ ಎರಡು ಡ್ರಮ್ಮು ಬರೆದೆ. ಲೈನರ್ ಸವೆಯುವುದನ್ನು ವಿವರಿಸಿದೆ. ಎಡಕ್ಕೆ ಹಿಡಿ ಎಂದು ಡ್ರೈವರಣ್ಣ ಯಾಕೆ ಕಲಿಸಿದರು, ನಾನು ಕೆಡಿಸದಿದ್ದರೆ ಯಾಕೆ ಕಲಿಸುತ್ತಿರಲಿಲ್ಲ ಎಂದು ಹೇಳಿದೆ. ಹಿರೇಹಳ್ಳಿಯ ಗೇಟಿನಲ್ಲಿ ಇದು ನನಗೇ ನಂಬಿಕೆಯಾಗಿರಲಿಲ್ಲ. ಈಗ ಹೇಳುತ್ತ ಹೋದ ಹಾಗೆ ಎಷ್ಟು ಸರಿಯಾಗಿ ಕೂರುತ್ತಿದೆ ಎನ್ನಿಸತೊಡಗಿತು. ನನ್ನ ತಪ್ಪನ್ನು ಸಾಬೀತು ಮಾಡಲು ನಾನೇ ವಕೀಲನ ಹಾಗೆ ವಾದಿಸುತ್ತಿದ್ದೆ. ಅದು ಸತ್ಯವೆಂದು ವಾದಿಸುತ್ತಿದ್ದೇನೋ, ಮಾಫಿ ಬೇಕೆಂದು ವಾದಿಸುತ್ತಿದ್ದೇನೋ ನನಗೇ ತಿಳಿಯಲಿಲ್ಲ.

ಯಜಮಾನರು ನೆಲದ ಚಿತ್ರವನ್ನು ಬಹಳ ಹೊತ್ತು ನೋಡಿದರು. "ನಂಗಿದೆಲ್ಲ ತಲೆಗೆ ಹೋಗಲ್ಲ ಸಾಬ್ರೇ" ಎಂದರು. ಆಮೇಲೆ ತಮ್ಮನ ಕಡೆ ತಿರುಗಿದರು. "ಡ್ರೈವರಣ್ಣ ಎಡಕ್ಕೆ ಹಿಡಿ ಅಂದಿದ್ರಾ ನಿಂಗೆ?"

"ಹೂಂ."

"ಅವತ್ತೇ ಯಾಕ್ಲಾ ಹೇಳ್ಲಿಲ್ಲ?"

"ನೀನೆಲ್ಲಿ ಕೇಳ್ದೆ."

ಅಟ್ಟದ ಹಿಂದೆ ಯಾರೋ ಕಾಯಿ ಸುಲಿಯುವ ಸದ್ದು ಕೇಳುತ್ತಿತ್ತು. ನಾನು ಯಜಮಾನರಿಗೆ, ನೀವೂ ಮಾಫ್ ಮಾಡಬೇಕು ಎಂದೆ. "ನಂದೇನೈತೆ, ಕಬ್ಬಿಣ ಹೋಯ್ತು. ಕಾಲು ಅವಂದು, ಅವನ್ನ ಕೇಳಿ" ಎಂದು ಎದ್ದರು. ಒಳಗೆ ಹೋಗಿ ಬಂದಾಗ ಕೈಯಲ್ಲಿ ಪಿಕಪ್ಪಿನ ಕೀ ಇತ್ತು. ಅದನ್ನು ತಮ್ಮನ ಕೈಗೆ ಕೊಡಲಿಲ್ಲ. ನಾನು ಕೂತಿದ್ದ ಕಲ್ಲಿನ ಪಕ್ಕ ಇಟ್ಟರು. "ಸಾಬ್ರಿಗೆ ಬಸ್ಸು ತಪ್ಪೋಗ್ತದೆ. ಗುಬ್ಬಿಗೆ ಬುಟ್ಟು ಬಾ" ಎಂದು ಯಾರ ಮುಖವನ್ನೂ ನೋಡದೆ ಹೇಳಿ, ಸುಲಿಯುವವರ ಕಡೆ ಹೋದರು.

ಅವನು ಕೀ ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಗಾಡಿ ಎರಡು ಸಲ ಆಫ್ ಆಯಿತು. ಮೂರನೆಯ ಸಲ ಜಿಗಿದುಕೊಂಡು ಹೊರಟಿತು. ಕೊರಕಲಿನಲ್ಲಿ ನಾನು ಮುಂದಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಬ್ರೇಕನ್ನು ತಡವಾಗಿ ಒತ್ತುತ್ತಿದ್ದ, ಒತ್ತಿದರೆ ಜೋರಾಗಿ ಒತ್ತುತ್ತಿದ್ದ. ಇಷ್ಟು ವರ್ಷ ಸ್ಟೇರಿಂಗು ಮುಟ್ಟದೆ ಹೀಗಾಗಿದ್ದಾನೋ, ಮೊದಲಿನಿಂದಲೂ ಇವನ ಕೈಯೇ ಇಷ್ಟೋ ನನಗೆ ಗೊತ್ತಾಗಲಿಲ್ಲ. ಒಂದು ತಿರುವು ಸರಿಯಾಗಿ ತೆಗೆದುಕೊಂಡಾಗ, ಇಲ್ಲ, ನಾನು ಹೇಳಿದ್ದೇ ನಿಜ ಎನ್ನಿಸಿತು. ಮುಂದಿನ ತಿರುವಿನಲ್ಲಿ ಚಕ್ರ ಮಣ್ಣಿಗೆ ಇಳಿದಾಗ, ಯಾ ಅಲ್ಲಾಹ, 'ಇರಬಹುದು' ಎಂದು ಶುರುವಾದದ್ದನ್ನು ಖಚಿತ ಮಾಡಿ ಹೇಳಿ ಆ ಯಜಮಾನರನ್ನು ನಂಬಿಸಿಬಿಟ್ಟೆನಲ್ಲ ಎನ್ನಿಸಿತು.

ಡಾಂಬರು ರಸ್ತೆ ಸಿಕ್ಕಿದ ಮೇಲೆ ಉಸಿರು ಬಿಟ್ಟೆ. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುತ್ತಿರಲಿಲ್ಲ.

"ನೀನ್ ಹೇಳಿದ್ ಕೆಲ್ಸ ಮಾಡ್ದೆನಲ್ಲಪ್ಪ" ಎಂದೆ. "ಈಗ ಮಾಫ್ ಆಯ್ತಾ?"

ಅವನು ನನ್ನ ಕಡೆ ತಿರುಗಲಿಲ್ಲ. ಎದುರಿಗೆ ಗುಬ್ಬಿಯಿಂದ ಬಸ್ಸು ಬರುತ್ತಿತ್ತು. ಎರಡೂ ಕೈಯಿಂದ ಸ್ಟೇರಿಂಗು ಹಿಡಿದು, ಮುಂದಕ್ಕೆ ಬಾಗಿ, ರಸ್ತೆಯನ್ನೇ ನೋಡುತ್ತಿದ್ದ.

"ಆಮೇಲೆ ಮಾತಾಡ್ಸಿ ಸಾಬ್ರೇ" ಎಂದ. "ಗಾಡಿ ಓಡಿಸ್ತಾ ಇದೀನಿ."